ಸ್ಟೇಶನ್ನಿನಿಂದ ಐದೇ ನಿಮಿಷ

ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡವನನ್ನು ಊರಿನ ಜಾತ್ರೆಯಲ್ಲಿ ಹಿಡಿದು ನಿಲ್ಲಿಸಿ ‘ಈಗ ವಾಸ ಎಲ್ಲಿ?’ ಎಂದು ಕೇಳಿ. ‘ಬೊಂಬಾಯಿ’ ಎನ್ನುತ್ತಾನೆ. ಅವನನ್ನೇ ದಾದರಿನ ಮದುವೆ ಹಾಲ್‌ನಲ್ಲಿ ಕೇಳಿದರೆ ‘ಠಾಣೆಯಿಂದ ಸ್ವಲ್ಪ ಮುಂದೆ’ ಎಂದು ಹೇಳಿ ಬಾಳೆ ಎಲೆಯ ಕಡೆ ನೋಡುತ್ತಾನೆ. ಕಲ್ಯಾಣದವನು ‘ಡೊಂಬಿವಲಿ ಹತ್ತಿರ’ ಎನ್ನುತ್ತಾನೆ. ಪನವೇಲಿನಿಂದ ಇನ್ನೂ ಆಚೆ ಇರುವವನ ವಿಸಿಟಿಂಗ್ ಕಾರ್ಡಿನಲ್ಲಿ ನವಿ ಮುಂಬಯಿ ಎಂದು ಅಚ್ಚಾಗಿರುತ್ತದೆ. ಭಿವಂಡಿ ಕಡೆಯ ಗದ್ದೆಗಳಲ್ಲಿ ಎದ್ದ ಟವರುಗಳಿಗೆ ಜಾಹೀರಾತಿನವರು ‘ಅಪ್ಪರ್ ಠಾಣೆ’ ಎಂದು ಹೆಸರಿಟ್ಟಿದ್ದಾರೆ. ಠಾಣೆಯನ್ನು ಅಷ್ಟು ಮೇಲಕ್ಕೆ ಎತ್ತಿದವರು ಯಾರೋ ತಿಳಿಯದು. ಇನ್ನು ಮನೆ ತೋರಿಸುವ ಏಜೆಂಟರ ಮಾತೋ, ಇಡೀ ಜಿಲ್ಲೆಗೆ ಒಂದೇ: ‘ಸ್ಟೇಶನ್ನಿನಿಂದ ಐದೇ ನಿಮಿಷ ಸಾಹೇಬ್ರೆ.’ ಯಾವ ವಾಹನದಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳುವವನು ಇಲ್ಲಿಗೆ ಹೊಸಬ ಎಂದೇ ಲೆಕ್ಕ.

ಹೀಗೆ ದೊಡ್ಡವರೆಲ್ಲ ಸೇರಿ ತಂತಮ್ಮ ವಿಳಾಸವನ್ನು ದಿನಾ ಒಂದಿಷ್ಟು ದಕ್ಷಿಣಕ್ಕೆ ಎಳೆದುಕೊಳ್ಳುವ ಸೀಮೆ ಇದು. ಇಂಥಲ್ಲಿ ಹದಿನೇಳರ ಹುಡುಗನೊಬ್ಬ ಹುಡುಗಿಯ ಮುಂದೆ ತನ್ನ ಮನೆಯನ್ನು ರೈಲುಹಳಿಯ ಈ ಬದಿಯಿಂದ ಆ ಬದಿಗೆ ಸರಿಸಿಬಿಟ್ಟರೆ ಅದಕ್ಕೆ ಮಾತ್ರ ಸೊಸೈಟಿಯ ಮೀಟಿಂಗು ಸೇರುವಷ್ಟು ಗದ್ದಲ ಯಾಕೆ ಎನ್ನುವುದು ನನ್ನ ಪ್ರಶ್ನೆ.

ಹುಡುಗನ ಹೆಸರು ಕೇಳಬೇಡಿ. ಅವನು ಒಬ್ಬನಲ್ಲ. ನಮ್ಮ ಕಟ್ಟಡದಲ್ಲಿ, ಪಕ್ಕದ ಓಣಿಯಲ್ಲಿ, ಲೋಕಲ್ ಗಾಡಿಯ ಬಾಗಿಲಲ್ಲಿ ಕಂಡ, ಕೇಳಿದ ಹಲವರನ್ನು ಸೇರಿಸಿ ನಾನೇ ಮಾಡಿಕೊಂಡ ಹುಡುಗ. ಅವನ ಮನೆ ಕಲ್ಯಾಣ ಪೂರ್ವದ ಕೋಲ್ಸೇವಾಡಿಯ ಒಂದು ಚಾಳಿನಲ್ಲಿದೆ ಎಂದು ಇಟ್ಟುಕೊಳ್ಳಿ. ಅಪ್ಪ ಕಲಬುರಗಿ ಕಡೆಯಿಂದ ಬಂದ ಗವಂಡಿ. ನವಿ ಮುಂಬಯಿಯ ಖಾರ್ಘರಿನಲ್ಲಿ ಇಪ್ಪತ್ತು ಮಾಳಿಗೆಯ ಕಟ್ಟಡಗಳಿಗೆ ಇಟ್ಟಿಗೆ ಇಟ್ಟವನು. ಹುಡುಗಿಯ ಮನೆ ನೆರೂಳಿನಲ್ಲಿ. ಅವಳಪ್ಪ ಕುಂದಾಪುರ ಕಡೆಯವರು, ಎರಡು ಹೋಟೆಲುಗಳ ಗಲ್ಲಾ ಅವರದು. ಇಬ್ಬರೂ ಠಾಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೆರಡನೆಯ ಇಯತ್ತೆ. ಪರಿಚಯದ ಮೊದಲ ದಿನವೇ ಹುಡುಗಿ ‘ಕಲ್ಯಾಣದಲ್ಲಿ ಎಲ್ಲಿ?’ ಎಂದು ಕೇಳಿದಳು. ಹುಡುಗನ ಬಾಯಿಂದ ‘ಖಡಕ್‌ಪಾಡಾ’ ಎಂದು ಬಂತು. ಖಡಕ್‌ಪಾಡಾ ಎಂದರೆ ಕಲ್ಯಾಣ ಪಶ್ಚಿಮ. ಟವರು, ಲಿಫ್ಟು, ಗೇಟಿನಲ್ಲಿ ವಾಚ್‌ಮನ್ ಇರುವ ಭಾಗ. ಕಲ್ಯಾಣವನ್ನು ಕಂಡವರಿಗೆ ಗೊತ್ತು, ಪೂರ್ವ–ಪಶ್ಚಿಮ ಎನ್ನುವುದು ಅಲ್ಲಿ ಬರೀ ದಿಕ್ಕಲ್ಲ.

ಆ ಒಂದು ಮಾತು ಆಡಿದ ತಪ್ಪಿಗೆ ಪಾಪ ಹುಡುಗ ಎಷ್ಟು ನಡೆದ ನೋಡಿ. ಕಾಲೇಜಿನ ಗೆಳೆಯರು ಜೊತೆಗಿದ್ದ ಸಂಜೆಗಳಲ್ಲಿ ಕಲ್ಯಾಣದಲ್ಲಿ ಇಳಿದು ಪಶ್ಚಿಮದ ಸ್ಕೈವಾಕ್ ಹತ್ತಬೇಕು, ಅವರು ಕಣ್ಮರೆಯಾಗುವ ತನಕ ರಿಕ್ಷಾ ಸ್ಟ್ಯಾಂಡಿನ ಕ್ಯೂನಲ್ಲಿ ನಿಲ್ಲಬೇಕು, ಆಮೇಲೆ ತಿರುಗಿ ಸೇತುವೆ ದಾಟಿ ಪೂರ್ವಕ್ಕೆ ಬರಬೇಕು. ಏಜೆಂಟರು ಹೇಳುವ ಐದು ನಿಮಿಷದ ಸುಳ್ಳಿನಿಂದ ಏಜೆಂಟರ ಕಾಲು ನೋಯುವುದಿಲ್ಲ. ಇವನದು ದಿನಾ ಮೆಟ್ಟಿಲು ಹತ್ತಿ ಇಳಿಯುವ ಸುಳ್ಳು.

ರೈಲಿನ ವಿಚಾರ ಬಂತಲ್ಲ, ಸ್ವಲ್ಪ ಆ ಕಡೆ ಹೋಗಿ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ ಠಾಣೆಗೆ ಬಂದು ನಿಂತಿತು, ಮಾರನೆಯ ವರ್ಷ ಹಳಿ ಕಲ್ಯಾಣ ಮುಟ್ಟಿತು. ಗೋರೆ ಸಾಹೇಬರು ಹತ್ತಿಯನ್ನೋ ಸಿಪಾಯಿಗಳನ್ನೋ ಸಾಗಿಸಲು ಹಾಕಿದ ಹಳಿ. ಅದರ ಮೇಲೆ ಮುಂದೆ ಇಷ್ಟೊಂದು ಪ್ರೇಮಪ್ರಕರಣಗಳು ಓಡಾಡುತ್ತವೆಂದು ಅವರು ಎಣಿಸಿರಲಿಕ್ಕಿಲ್ಲ. ನಮ್ಮ ಈ ಜೋಡಿಯ ಮಟ್ಟಿಗಂತೂ ಮಧ್ಯಸ್ಥಿಕೆ ವಹಿಸಿದ್ದು ಟ್ರಾನ್ಸ್‌ಹಾರ್ಬರ್ ಮಾರ್ಗ. 2004ರಲ್ಲಿ ಅದು ಶುರುವಾಗುವ ಮುಂಚೆ ಠಾಣೆಯಿಂದ ವಾಶಿಗೆ ರೈಲಿನಲ್ಲಿ ಹೋಗುವವರು ಕುರ್ಲಾ ತನಕ ಹೋಗಿ ಗಾಡಿ ಬದಲಿಸಿ ಖಾಡಿ ದಾಟಬೇಕಿತ್ತು. ಅಷ್ಟು ಸುತ್ತಿ ಪ್ರೀತಿಸಲು ಗಟ್ಟಿ ಮನಸ್ಸೇ ಬೇಕು. ಈಗ ಠಾಣೆಯ ಒಂಬತ್ತು–ಹತ್ತನೆಯ ಪ್ಲಾಟ್‌ಫಾರ್ಮಿಗೆ ಬಂದರಾಯಿತು. ಐರೋಳಿ, ರಬಾಳೆ, ಘಣಸೋಲಿ ಎಂದು ಗಾಡಿ ನಿಲ್ಲುತ್ತ ನಿಲ್ಲುತ್ತ ಹೋಗುತ್ತದೆ. ಕಲ್ಯಾಣದ ಹುಡುಗ ತನ್ನ ಮನೆಯ ಉಲ್ಟಾ ದಿಕ್ಕಿನ ಗಾಡಿ ಹತ್ತಿ ನೆರೂಳಿನವರೆಗೆ ಹೋಗಿ, ‘ಇಲ್ಲೇ ಸ್ವಲ್ಪ ಕೆಲಸ ಇತ್ತು’ ಎಂದು ಬರುತ್ತಾನೆ. ನೆರೂಳಿನಲ್ಲಿ ಅವನಿಗೆ ಏನು ಕೆಲಸ ಎಂದು ಅವಳು ಕೇಳುವುದಿಲ್ಲ. ಕೇಳದೆ ಇರುವುದೂ ಒಂದು ಜಾಣತನ.

ಗಾಡಿಯಲ್ಲಿ ಫಸ್ಟ್ ಕ್ಲಾಸು ಎಂಬ ಪೀಡೆ ಬೇರೆ ಇದೆ. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೇಟು 5 ರೂಪಾಯಿ. ಫಸ್ಟ್ ಕ್ಲಾಸಿನದು 50 ಇತ್ತು, 2022ರ ಮೇ ತಿಂಗಳಲ್ಲಿ 25ಕ್ಕೆ ಇಳಿಯಿತು. ಎರಡರಲ್ಲೂ ಗಾಳಿ ಒಂದೇ, ಬೆವರೂ ಒಂದೇ. ಫಸ್ಟಿನಲ್ಲಿ ಬೆವರಿಗೆ ಸ್ವಲ್ಪ ಸೆಂಟಿನ ವಾಸನೆ ಇರುತ್ತದೆ, ಅಷ್ಟೆ. ಹುಡುಗಿಯ ಕೈಯಲ್ಲಿ ಫಸ್ಟ್ ಕ್ಲಾಸಿನ ಪಾಸು. ಹುಡುಗ ಒಂದು ದಿನ ಫಸ್ಟ್ ಕ್ಲಾಸಿನಲ್ಲಿ ಜೊತೆಗೆ ಹೋದರೆ ಎರಡು ದಿನ ವಡಾಪಾವ್ ಬಿಡಬೇಕು. ಬಿಟ್ಟ. ‘ಡಯಟ್’ ಎಂದ. ಅದು ಎರಡನೆಯ ಸುಳ್ಳು. ಇಡೀ ಪ್ರಕರಣದಲ್ಲಿ ನನ್ನ ಹೊಟ್ಟೆ ಚುರುಕ್ಕೆಂದದ್ದು ಅಲ್ಲೊಂದೇ ಕಡೆ.

ಮೂರನೆಯದು ಮೈಮೇಲಿನ ಬಟ್ಟೆ. ಕಲ್ಯಾಣಕ್ಕೆ ಅಂಟಿಕೊಂಡಂತೆ ಉಲ್ಲಾಸನಗರವಿದೆ. ದೇಶ ಒಡೆದಾಗ ಸಿಂಧ್‌ನಿಂದ ಬಂದವರನ್ನು ಯುದ್ಧಕಾಲದ ಕಲ್ಯಾಣ ಮಿಲಿಟರಿ ಕ್ಯಾಂಪಿನ ಬ್ಯಾರಕುಗಳಲ್ಲಿ ಇಳಿಸಿದರು. 1949ರ ಆಗಸ್ಟ್ 8ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಬಂದು ಅಡಿಗಲ್ಲಿಟ್ಟರು. ಬರಿಗೈಯಲ್ಲಿ ಬಂದವರು ಹೊಲಿದೂ ಮಾರಿಯೂ ಬದುಕು ಕಟ್ಟಿಕೊಂಡರು. ಅಲ್ಲಿಯ ಸಾಮಾನಿನ ಮೇಲಿನ ‘ಮೇಡ್ ಇನ್ ಯುಎಸ್ಎ’ ಅಂದರೆ ‘ಉಲ್ಲಾಸನಗರ ಸಿಂಧಿ ಅಸೋಸಿಯೇಷನ್’ ಎಂಬ ಜೋಕು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಲ್ಲಿ ಹೊಲಿದ ಜೀನ್ಸು ತೊಟ್ಟು ಅದು ಮಾಲ್‌ನದು ಎಂದು ಹೇಳುವುದನ್ನು ಸುಳ್ಳು ಎಂದು ಲೆಕ್ಕಕ್ಕೆ ಹಿಡಿದರೆ ಠಾಣೆ ಜಿಲ್ಲೆಯಲ್ಲಿ ಪ್ಯಾಂಟು ಹಾಕಿಕೊಂಡವರಲ್ಲಿ ಸತ್ಯವಂತರು ಕಡಿಮೆ ಸಿಗುತ್ತಾರೆ. ಇದನ್ನು ಬಿಟ್ಟುಬಿಡೋಣ.

ನನಗೆ ಎಲ್ಲಕ್ಕಿಂತ ಮಜಾ ಎನಿಸಿದ್ದು ನಾಲ್ಕನೆಯದು. ಇಬ್ಬರೂ ಮಸುಂದಾ ತಲಾವಿನ ಕಟ್ಟೆಯ ಮೇಲೆ ಕೂತಿದ್ದಾರೆ. ತಲಾವ್ ಪಾಳಿ ಎಂದರೆ ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಸಂಜೆಯಾದರೆ ಭೇಳ್, ಬೋಟಿಂಗ್, ಜೋಡಿಗಳು. ಹುಡುಗಿಯ ಫೋನು ರಿಂಗಾಯಿತು. ಆ ಕಡೆಯಿಂದ ತಾಯಿ, ಅಪ್ಪಟ ಕುಂದಾಪ್ರ ಕನ್ನಡದಲ್ಲಿ: ‘ಎಲ್ಲ್ ಇದ್ದೆ ಮಗಾ?’ ಹುಡುಗಿ ಕಣ್ಣು ಮಿಟುಕಿಸದೆ, ‘ಲೈಬ್ರರಿಯಂಗೆ ಅಮ್ಮಾ, ನೋಟ್ಸ್ ಬರೀತಿದ್ದೆ’ ಎಂದಳು. ಪಕ್ಕದಲ್ಲಿ ಕೂತ ಹುಡುಗನಿಗೆ ಒಂದೊಂದು ಅಕ್ಷರವೂ ಅರ್ಥವಾಯಿತು. ಮನೆಯಲ್ಲಿ ಅಜ್ಜಿ ‘ಎಲ್ಲಿ ಅದಿಯೋ ಯಪ್ಪಾ, ಉಂಡಿ ಏನು?’ ಎಂದು ಕೇಳುವುದೂ ಇದೇ ಭಾಷೆಯಲ್ಲಿ ತಾನೆ? ಆದರೆ ಅವನು ನಗುವ ಹಾಗಿಲ್ಲ. ಯಾಕೆಂದರೆ ಅವನು ತನ್ನ ಕನ್ನಡವನ್ನು ಖಡಕ್‌ಪಾಡಾದ ಟವರಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆ. ಅವಳೊಡನೆ ಅವನದು ಬರೀ ಹಿಂದಿ, ನಡುನಡುವೆ ಇಂಗ್ಲಿಷು. ಬಾಯಿ ತೆರೆದು ಒಂದು ಕನ್ನಡ ಮಾತಾಡಿದರೆ ಅದರ ಹಿಂದೆಯೇ ಕಲಬುರಗಿ ಬರುತ್ತದೆ, ಕಲಬುರಗಿಯ ಹಿಂದೆ ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ನಾಕಾ, ಅದರ ಹಿಂದೆ ಅಪ್ಪನ ಕರಣೆ. ಹುಡುಗಿಯದೂ ಅದೇ ಕಥೆ. ಕಾಲೇಜಿನಲ್ಲಿ ಯಾರೋ ಒಮ್ಮೆ ‘ಅಣ್ಣಾ, ಎಕ್ ಇಡ್ಲಿ’ ಎಂದು ಅಣಕಿಸಿದ ಮೇಲೆ ಅವಳೂ ಗೆಳತಿಯರ ನಡುವೆ ಕನ್ನಡದ ಸುದ್ದಿ ತೆಗೆಯುವುದಿಲ್ಲ. ಮುಂಬಯಿಯ ಕನ್ನಡ ಸಂಘಗಳವರು ಭಾಷೆ ಉಳಿಸುವುದು ಹೇಗೆಂದು ಗೋಷ್ಠಿ ನಡೆಸುತ್ತಾರೆ. ಇಲ್ಲಿ ಒಂದೇ ಕಟ್ಟೆಯ ಮೇಲೆ ಇಬ್ಬರು ಕನ್ನಡದವರು ಒಬ್ಬರಿಗೊಬ್ಬರು ಬಾಯಿಬಿಡದೆ ಅದನ್ನು ಜೋಪಾನವಾಗಿ ಉಳಿಸಿದ್ದಾರೆ.

ಹೊರನಾಡ ಕನ್ನಡಿಗರು ಎಂದು ನಾವು ಒಂದೇ ಹೆಸರಿನಲ್ಲಿ ಕರೆದುಕೊಂಡರೂ ಒಳಗೆ ಮಾಳಿಗೆಗಳಿವೆ. ಕಟ್ಟಡ ಕಟ್ಟಿದ ಕನ್ನಡಿಗ, ಅದರ ಕೆಳಗೆ ಹೋಟೆಲು ತೆರೆದ ಕನ್ನಡಿಗ, ಮೇಲೆ ಫ್ಲಾಟು ಕೊಂಡ ಬ್ಯಾಂಕಿನ ಕನ್ನಡಿಗ. ರಾಜ್ಯೋತ್ಸವದ ಸಭೆಯಲ್ಲಿ ಎರಡನೆಯವನು ಕುರ್ಚಿಗೂ ಮೂರನೆಯವನು ಮೈಕಿಗೂ ಸಿಗುತ್ತಾನೆ. ಮೊದಲನೆಯವನಿಗೆ ಆವತ್ತೂ ಕೆಲಸವಿರುತ್ತದೆ.

ಈಗ ಇಬ್ಬರ ಸುಳ್ಳುಗಳನ್ನೂ ಎದುರುಬದುರು ಇಟ್ಟು ನೋಡಿ. ಹುಡುಗಿ ತಾಯಿಗೆ ಹೇಳಿದ್ದು ಸುಳ್ಳು, ಹುಡುಗ ಹುಡುಗಿಗೆ ಹೇಳಿದ್ದೂ ಸುಳ್ಳು. ವಿಷಯ ಬಯಲಾದಾಗ ಹುಡುಗಿಯ ಸುಳ್ಳಿಗೆ ಮನೆಯವರು ‘ವಯಸ್ಸಿನ ಹುಚ್ಚು’ ಎಂದು ಹೆಸರಿಟ್ಟರು, ಹುಡುಗನ ಸುಳ್ಳಿಗೆ ‘ಮೋಸ’ ಎಂದರು. ‘ಹೋಟೆಲಿನ ದುಡ್ಡಿನ ಮೇಲೆ ಕಣ್ಣು’ ಎಂದು ಒಬ್ಬ ಮಾವ ಸೇರಿಸಿದರು. ಎರಡು ದಿನ ವಡಾಪಾವ್ ಬಿಟ್ಟು ಟಿಕೇಟು ಕೊಂಡವನ ಕಣ್ಣು ಯಾವ ದುಡ್ಡಿನ ಮೇಲಿತ್ತು ಎಂದು ಆ ಮಾವ ಲೆಕ್ಕ ಹಾಕಲಿಲ್ಲ.

ನಮ್ಮ ಪುರಾಣ ಕಾವ್ಯಗಳಲ್ಲೂ ಈ ತಕ್ಕಡಿ ಸ್ವಲ್ಪ ವಾಲಿಯೇ ಇದೆ. ಕಾಳಿದಾಸನ ಶಾಕುಂತಲದ ಮೊದಲ ಅಂಕ ನೆನಪಿಸಿಕೊಳ್ಳಿ. ಕಣ್ವಾಶ್ರಮಕ್ಕೆ ಬಂದ ದುಷ್ಯಂತ ತಾನು ರಾಜನೆಂದು ಹೇಳುವುದಿಲ್ಲ, ರಾಜ ನೇಮಿಸಿದ ಅಧಿಕಾರಿ ಎಂಬಂತೆ ನಡೆದುಕೊಳ್ಳುತ್ತಾನೆ. ಉಂಗುರದ ಮೇಲಿನ ಹೆಸರು ಕಂಡ ಸಖಿಯರು ಕಕ್ಕಾಬಿಕ್ಕಿಯಾದಾಗ ಅದು ರಾಜ ಕೊಟ್ಟದ್ದು ಎಂದುಬಿಡುತ್ತಾನೆ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ಬಂದ ಕಾಲದಿಂದ ಇವತ್ತಿನವರೆಗೆ ಅದನ್ನು ಓದಿ ಯಾರಾದರೂ ದುಷ್ಯಂತನನ್ನು ವಿಳಾಸ ಮುಚ್ಚಿಟ್ಟ ವಂಚಕ ಎಂದು ಬೈದಿದ್ದಾರೆಯೇ? ಆಮೇಲೆ ಮರೆತದ್ದಕ್ಕೆ ಬೈಯುತ್ತಾರೆ, ಅದು ಬೇರೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಸುಭದ್ರಾ ಕಲ್ಯಾಣದ ಕಪಟ ಸನ್ಯಾಸಿಗೆ ಚಪ್ಪಾಳೆ ತಟ್ಟುವವರೂ ನಾವೇ. ಮೇಲಿದ್ದವನು ಕೆಳಗಿಳಿದು ಸುಳ್ಳು ಹೇಳಿದರೆ ಲೀಲೆ. ಕೆಳಗಿದ್ದವನು ಒಂದು ಮೆಟ್ಟಿಲು ಮೇಲೆ ನಿಂತು ಅದೇ ಸುಳ್ಳು ಹೇಳಿದರೆ ಪೊಲೀಸು.

ಸಿನಿಮಾದವರು ಬಡವ–ಶ್ರೀಮಂತರ ಎಳೆಪ್ರೇಮವನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ ನಿಜ. 1973ರಲ್ಲಿ ರಾಜ್ ಕಪೂರರ ‘ಬಾಬಿ’, 2014ರಲ್ಲಿ ಮರಾಠಿಯ ‘ಟೈಮ್‌ಪಾಸ್’, 2016ರಲ್ಲಿ ನಾಗರಾಜ ಮಂಜುಳೆಯವರ ‘ಸೈರಾಟ್’. ಈ ಕೊನೆಯದು ಮರುವರ್ಷ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯೂ ಆಯಿತು, ನಾಯಕಿ ಅದೇ ರಿಂಕು ರಾಜಗುರು. ಆದರೆ ಸೈರಾಟ್‌ನ ಆರ್ಚಿಗೂ ಪರ್ಶ್ಯಾನಿಗೂ ನಮ್ಮ ಜೋಡಿಗೂ ಒಂದು ವ್ಯತ್ಯಾಸವಿದೆ. ಹಳ್ಳಿಯಲ್ಲಿ ಪರ್ಶ್ಯಾ ಸುಳ್ಳು ಹೇಳಬೇಕೆಂದರೂ ಸಾಧ್ಯವಿಲ್ಲ. ಅವನು ಯಾರ ಮಗ, ಯಾವ ಕೇರಿ, ಅಪ್ಪನ ಕಸುಬೇನು ಎನ್ನುವುದು ಬಾವಿಗೂ ಗೊತ್ತು, ಬಸ್ ಸ್ಟ್ಯಾಂಡಿಗೂ ಗೊತ್ತು. ಅಲ್ಲಿ ಮುಚ್ಚಿಡಲು ಏನೂ ಇಲ್ಲ, ಆದ್ದರಿಂದ ನೇರ ಕತ್ತಿಗೇ ಬರುತ್ತಾರೆ. ನಗರದಲ್ಲಿ ಹುಡುಗನೊಬ್ಬ ತನ್ನ ಮನೆಯಿಂದ ಬೇರ್ಪಟ್ಟು ಬರೀ ತಾನಾಗಿ, ಒಗೆದ ಶರ್ಟು ತೊಟ್ಟು, ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಬಹುದು. ಹಳ್ಳಿ ಬಿಟ್ಟು ಬಂದವರಿಗೆ ಮುಂಬಯಿ ಕೊಟ್ಟ ದೊಡ್ಡ ವರ ಅದು. ಸುಳ್ಳು ಆ ವರದ ಜೊತೆಗೆ ಬಂದ ಬಾಲ.

ಈ ವರವನ್ನು ಮೊದಲು ಉಂಡವರು ಹುಡುಗಿಯ ಅಪ್ಪನ ಪೀಳಿಗೆಯವರೇ. ಕರಾವಳಿಯಿಂದ ಹುಡುಗರಾಗಿ ಬಂದು ಹೋಟೆಲುಗಳಲ್ಲಿ ಕಪ್ಪು ತೊಳೆದವರು, ರಾತ್ರಿ ಶಟರ್ ಎಳೆದ ಮೇಲೆ ಮೇಜು ಜೋಡಿಸಿ ಅದರ ಮೇಲೆ ಮಲಗಿದವರು, ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಎಸ್ಸೆಸ್ಸಿ ಮುಗಿಸಿದವರು ಎಷ್ಟು ಜನ! ಊರಿಗೆ ಬರೆದ ಕಾಗದದಲ್ಲಿ ಮಾತ್ರ ‘ಕೌಂಟರಿನಲ್ಲಿ ಕೆಲಸ, ಊಟ ವಸತಿ ಎಲ್ಲ ಚೆನ್ನಾಗಿದೆ’. ಆ ಕಾಗದ ನಂಬಿ ಹೆಣ್ಣು ಕೊಟ್ಟವರೂ ಇದ್ದಾರೆ. ಮುಂದೆ ಕೌಂಟರು ನಿಜವಾಗಿಯೂ ಸಿಕ್ಕಿತು, ಹೋಟೆಲೂ ಸಿಕ್ಕಿತು, ಆ ಸುಳ್ಳು ಸಾಹಸದ ಕಥೆಯಾಗಿ ಷಷ್ಟ್ಯಬ್ದಿಯ ಅಭಿನಂದನಾ ಗ್ರಂಥದಲ್ಲಿ ಸೇರಿತು. ಕೋಲ್ಸೇವಾಡಿಯ ಹುಡುಗನ ಸುಳ್ಳಿಗೆ ನಿಜವಾಗಲು ಹದಿನೇಳನೆಯ ವಯಸ್ಸಿನಲ್ಲಿ ಇನ್ನೂ ಸಮಯ ಸಿಕ್ಕಿಲ್ಲ, ಅಷ್ಟೆ.

ಪೊಲೀಸು ಎಂದೆನಲ್ಲ, ಅದು ತಮಾಷೆಯಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಹದಿನೆಂಟು ತುಂಬದವರೆಲ್ಲ ಅದರ ಕಣ್ಣಿಗೆ ಮಕ್ಕಳು. ಬೇಕಾಗಿದ್ದ ಕಾಯಿದೆಯೇ, ಎರಡು ಮಾತಿಲ್ಲ. ಆದರೆ ಹರೆಯದವರಿಬ್ಬರು ಜೊತೆಗೆ ಓಡಿಹೋದಾಗ ಹುಡುಗಿಯ ಮನೆಯವರ ಕೈಯಲ್ಲಿ ಅದು ಹುಡುಗನ ಮೇಲೆ ಬೀಸುವ ದೊಣ್ಣೆಯೂ ಆಗುತ್ತದೆ ಎಂಬ ಚಿಂತೆ ನ್ಯಾಯಾಧೀಶರಿಗೇ ಬಂದಿದೆ. ವಯಸ್ಸಿನ ಮಿತಿಯನ್ನು ಮರುಯೋಚಿಸಿ ಎಂದು 2022ರ ನವೆಂಬರಿನಲ್ಲಿ ಕಾನೂನು ಆಯೋಗಕ್ಕೆ ಹೇಳಿದ್ದು ನಮ್ಮ ಧಾರವಾಡದ ಹೈಕೋರ್ಟ್ ಪೀಠವೇ. ಆಯೋಗ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ 283ನೆಯ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಹದಿನಾರರಿಂದ ಹದಿನೆಂಟರ ನಡುವೆ ಪರಸ್ಪರ ಮನಸ್ಸಿದ್ದ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರ ವಿವೇಚನೆಗೆ ಜಾಗ ಬಿಡಿ ಎಂದು ಸೂಚಿಸಿತು. ತಲಾವ್ ಪಾಳಿಯಲ್ಲಿ ಭೇಳ್ ತಿಂದವರ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಸರಿ. ಆದರೆ ಕೇಸಿನ ಹೆಸರು ಹೇಳಿ ಬೆದರಿಸಲು ವಕೀಲರೂ ಬೇಕಿಲ್ಲ. ಚಾಳಿನ ಮನೆಯ ಬಾಗಿಲಲ್ಲಿ ಕಾರು ನಿಂತರೆ ಸಾಕು.

ಹಾಗಾದರೆ ಬಡವರೂ ಸಾಹುಕಾರರೂ ನಾಚಿಕೆಯಿಲ್ಲದೆ ಅಕ್ಕಪಕ್ಕ ಇರುವ ಊರು ಕಟ್ಟಲು ಬರುವುದಿಲ್ಲವೇ? ಯೋಚಿಸಿದವರು ಇದ್ದರು. ನವಿ ಮುಂಬಯಿಯ ಕನಸು ಕಂಡ ಮೂವರಲ್ಲಿ ಒಬ್ಬರಾದ ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ಬೇಲಾಪುರದಲ್ಲಿ ಒಂದು ವಸತಿ ಕಟ್ಟಿಸಿದರು. ಆರ್ಟಿಸ್ಟ್ ವಿಲೇಜ್ ಎಂದರೆ ರಿಕ್ಷಾದವರು ಕರೆದುಕೊಂಡು ಹೋಗುತ್ತಾರೆ. ಏಳೇಳು ಮನೆಗಳಿಗೆ ಒಂದು ಅಂಗಳ, ಕೈಯಲ್ಲಿ ಹಣ ಬಂದಂತೆ ಬೆಳೆಸಿಕೊಳ್ಳಬಹುದಾದ ಮನೆ. ನಿವೇಶನಗಳ ಅಳತೆ 45ರಿಂದ 75 ಚದರ ಮೀಟರಿನ ನಡುವೆಯೇ ಇರಬೇಕು, ಆದಾಯ ಎಷ್ಟೇ ಬೇರೆಯಿರಲಿ ನೆಲದಲ್ಲಿ ದೊಡ್ಡ ಅಂತರ ಬೇಡ ಎಂದು ಅವರ ಲೆಕ್ಕ. ಅಂಥ ಅಂಗಳದಲ್ಲಿ ಬೆಳೆದ ಹುಡುಗ ಎದುರುಮನೆಯ ಹುಡುಗಿಗೆ ‘ನಾನು ಖಡಕ್‌ಪಾಡಾದವನು’ ಎಂದರೆ ಅವಳು ಬಿದ್ದು ಬಿದ್ದು ನಕ್ಕಾಳು. ಈಗ ಅಲ್ಲಿಯ ಎಷ್ಟೋ ಮನೆಗಳನ್ನು ಕೆಡವಿ ಎತ್ತರಿಸಿದ್ದಾರೆ. ಅಕ್ಕಪಕ್ಕದವನಿಗಿಂತ ಒಂದು ಮಾಳಿಗೆ ಹೆಚ್ಚು ಬೇಕೆನ್ನುವ ಆಸೆಗೆ ಯಾವ ವಾಸ್ತುಶಿಲ್ಪಿಯೂ ನಕ್ಷೆ ಹಾಕಲಾರ.

ಇನ್ನು ವಿಷಯ ಬಯಲಾದ ಬಗೆ. ಮುಂಚೆ ಲೋಕಲಿನಲ್ಲಿ ಸುಳ್ಳಿಗೆ ಒಂದು ಆಸರೆ ಇತ್ತು, ಪಾರ್ಸಿಕ್ ಸುರಂಗ. 1916ರಿಂದ ಇರುವ, ಒಂದು ಕಿಲೋಮೀಟರಿಗೂ ಉದ್ದದ ಸುರಂಗ. ‘ಅಷ್ಟರಲ್ಲಿ ಸುರಂಗ ಬಂತು, ಫೋನು ಕಟ್ಟಾಯಿತು’ ಎಂದರೆ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಿರಲಿಲ್ಲ. 2022ರಲ್ಲಿ ಠಾಣೆ–ದಿವಾ ನಡುವೆ ಹೊಸ ಹಳಿಗಳು ಬಂದ ಮೇಲೆ ಫಾಸ್ಟ್ ಲೋಕಲುಗಳೂ ಮುಂಬ್ರಾ ಕಡೆಯಿಂದ ಓಡತೊಡಗಿ ಆ ನೆಪವೂ ಹೋಯಿತು. ಅದರ ಮೇಲೆ ಯುಪಿಐ ಬೇರೆ. ಒಮ್ಮೆ ಹುಡುಗಿ ಭೇಳಿನ ಅರ್ಧ ದುಡ್ಡು ಅವನ ನಂಬರಿಗೆ ಕಳಿಸಿದಳು. ಪರದೆಯ ಮೇಲೆ ಖಾತೆದಾರನ ಹೆಸರು ಮೂಡಿತು. ಖಾತೆ ಅಪ್ಪನದು, ಹೆಸರಿನ ಕೊನೆಗೆ ಕಲಬುರಗಿ ಕಡೆಯ ಒಂದು ಹಳ್ಳಿ. ತನ್ನಪ್ಪನ ಹೋಟೆಲಿನ ರಿಪೇರಿಗೆ ಬರುವ ಗವಂಡಿಗಳ ಹೆಸರುಗಳನ್ನು ಅವಳು ಚಿಕ್ಕಂದಿನಿಂದ ಕೇಳಿದವಳು. ಸುಮ್ಮನಿದ್ದಳು. ಮಳೆಗಾಲ ಮುಗಿದು ದೀಪಾವಳಿಗೆ ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಬೆಳ್ಳಂಬೆಳಗ್ಗೆ ಹುಡುಗ ಹುಡುಗಿಯರು ರೇಷ್ಮೆ, ಕುರ್ತಾ ತೊಟ್ಟು ಸೇರುವ ದೊಡ್ಡ ಮೇಳದಲ್ಲೂ ಅವನ ಜೊತೆ ನಗುತ್ತ ನಿಂತಳು. ಆಮೇಲೊಂದು ದಿನ ಜಗಳ ಬಂದಾಗ ಕನ್ನಡದಲ್ಲೇ ಕೇಳಿದಳಂತೆ: ‘ನಿಜ ಹೇಳಿರೆ ನಾನ್ ಓಡಿ ಹೋತೆ ಅಂದೇಳಿ ನೀನೇ ಹೆಂಗೆ ತೀರ್ಮಾನ ಮಾಡ್ದೆ?’

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಮಾಮಿಯೊಬ್ಬರು, ಅವರಿಗೂ ಹದಿನಾರರ ಮಗಳಿದ್ದಾಳೆ, ನನ್ನನ್ನು ತಡೆದರು. “ಹಾಗಾದ್ರೆ ಸುಳ್ಳು ಹೇಳೂದು ಸರಿ ಅಂತೀರಾ ನೀವು?”

“ಸರಿಯಲ್ಲ ಮಾಮಿ. ಆ ಹುಡುಗಿಯ ಪ್ರಶ್ನೆಗೆ ಹುಡುಗನ ಹತ್ತಿರ ಉತ್ತರವಿಲ್ಲ. ಸುಳ್ಳು ಹೇಳುವಾಗ ಅವನು ತನ್ನ ಅಪ್ಪನನ್ನು ಕೆಳಗೆ ಮಾಡಿದ, ಅವಳನ್ನೂ ಕೆಳಗೆ ಮಾಡಿದ. ನಾನು ಹೇಳುವುದು ಇಷ್ಟೇ, ಅವಳ ಸುಳ್ಳಿಗೆ ಯಾವ ಹೆಸರೋ ಇವನದಕ್ಕೂ ಅದೇ ಹೆಸರು ಇಡಿ. ಮೋಸ ಎಂದರೆ ಎರಡೂ ಮೋಸ. ವಯಸ್ಸು ಎಂದರೆ ಇಬ್ಬರಿಗೂ ವಯಸ್ಸು.”

“ಮತ್ತೆ ನಿಜ ಹೇಳಿಕೊಂಡು ಮನೆಗೇ ಬಂದ್ರೆ?”

“ಬರಲಿ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದ ಮೇಲೆ ಅವನು ಗವಂಡಿ ಎಂದರೆ, ಮುಖ ತಿರುಗಿಸದೆ, ‘ಎಲ್ಲೆಲ್ಲಿ ಕಟ್ಟಿದ್ದಾರೆ?’ ಎಂದು ಎರಡನೆಯ ಪ್ರಶ್ನೆ ಕೇಳಿ. ನೀರ್ ದೋಸೆ ಹಾಕಿ.”

“ದೋಸೆ ಹಾಕ್ಲಿಕ್ಕೆ ಅಡ್ಡಿಯಿಲ್ಲ. ಆಮೇಲೆ?”

“ಆಮೇಲೆ ಏನು ಮಾಮಿ, ಫೆಬ್ರವರಿಯಲ್ಲಿ ಬೋರ್ಡಿನ ಪರೀಕ್ಷೆ. ಇಬ್ಬರಿಗೂ ಮ್ಯಾಥ್ಸ್ ಬರುವುದಿಲ್ಲವಂತೆ. ಅದೊಂದನ್ನು ಮಾತ್ರ ಅವರು ಮೊದಲ ದಿನದಿಂದಲೂ ಒಬ್ಬರಿಗೊಬ್ಬರು ನಿಜವಾಗಿ ಹೇಳಿಕೊಂಡಿದ್ದಾರೆ.”